ನಮ್ಮೂರ ಬಸ್ಸಿಗೆ ಹನ್ನೆರಡು ನಿಮಿಷ ಕೊಡಿ

ಬಸ್ ವೇಳಾಪಟ್ಟಿ ತಯಾರಿಸುವ ಮಾನ್ಯ ಅಧಿಕಾರಿಗಳೇ,

ತಮಗೆ ಸರಾಸರಿ ವೇಗ ಕಂಡುಹಿಡಿಯಲು ಬರುವುದಿಲ್ಲ. ಅದರಿಂದಾಗಿ ನನ್ನ ಮಗಳು ಐಶ್ವರ್ಯ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪರೀಕ್ಷೆಗೆ ಕೂರದಂತಾಗಿದೆ. ಸುತ್ತಿಬಳಸಿ ಹೇಳುವಷ್ಟು ಸಮಾಧಾನ ನನಗಿಲ್ಲ.

ಗುರುಪುರದ ಮೇಲೆ ಹುಣಸೂರಿಗೆ ಹೋಗುವ ಬೆಳಗಿನ ಬಸ್ಸಿನ ದಾರಿ ಇಪ್ಪತ್ತನಾಲ್ಕು ಕಿಲೋಮೀಟರ್. ಅರ್ಧ ದಾರಿ ಚೆನ್ನಾಗಿದೆ, ಗಂಟೆಗೆ ಅರವತ್ತು ಕಿಲೋಮೀಟರ್ ಓಡಿಸಬಹುದು. ಉಳಿದರ್ಧ ಪೈಪು ಹಾಕಲು ಅಗೆದು ಬಿಟ್ಟದ್ದು. ಅಲ್ಲಿ ಇಪ್ಪತ್ತು ದಾಟಿದರೆ ಸೊಂಟ ಮುರಿಯುತ್ತದೆ. ತಾವು ಅರವತ್ತಕ್ಕೆ ಇಪ್ಪತ್ತು ಕೂಡಿಸಿ, ಎರಡರಿಂದ ಭಾಗಿಸಿ, ಸರಾಸರಿ ನಲವತ್ತು, ಮೂವತ್ತಾರು ನಿಮಿಷ ಸಾಕು ಎಂದಿರಿ. ನನ್ನ ಅರ್ಜಿಗೆ ಕೊಟ್ಟ ಉತ್ತರದಲ್ಲಿ ‘ಅಂದರೆ ಸೆಕೆಂಡಿಗೆ 11.11 ಮೀಟರ್’ ಎಂದು ಬೇರೆ ಬರೆದಿದ್ದೀರಿ. ಆಹಾ, ಎಂಥ ಪಾಂಡಿತ್ಯ! ತಪ್ಪು ಲೆಕ್ಕವನ್ನು ಮೀಟರಿಗೆ ಪರಿವರ್ತಿಸಿದರೆ ಅದು ಸರಿಯಾಗಿಬಿಡುತ್ತದೆಯೇ?

ಆ ಕಾಗದ ಓದಿ ಐಶ್ವರ್ಯ ನಕ್ಕಳು. “ಅವ್ವಾ, ವೇಗ ಕೂಡ್ಸಿ ಭಾಗ್ಸೋದಲ್ಲ ಕಣವ್ವ. ಒಳ್ಳೆ ರೋಡಿಗೆ ಹನ್ನೆರಡು ನಿಮ್ಷ, ಹಾಳ್ ರೋಡಿಗೆ ಮೂವತ್ತಾರು. ಒಟ್ಟು ನಲವತ್ತೆಂಟು. ಇಡೀ ದೂರಾನ ಇಡೀ ಟೈಮಿಂದ ಭಾಗ್ಸಿದ್ರೆ ಗಂಟೆಗೆ ಮೂವತ್ತೇ ಬರೋದು.” ಅಂದರೆ ತಾವು ಕೊಟ್ಟ ಹೊತ್ತು ಹಾಳು ರಸ್ತೆಗೇ ಮುಗಿಯುತ್ತದೆ. ಜನ ಹತ್ತಿ ಇಳಿಯುವ ಹೊತ್ತಂತೂ ತಮ್ಮ ಲೆಕ್ಕದಲ್ಲೇ ಇಲ್ಲ.

ತಡವಾದರೆ ಚಾಲಕರಿಗೆ ಮೆಮೊ. ಹಾಗಾಗಿ ಬಸ್ಸು ನಮ್ಮೂರಿನಲ್ಲಿ ನಿಲ್ಲುವುದನ್ನೇ ಬಿಟ್ಟಿದೆ. ಒಂದು ದಿನ ರಸ್ತೆಗೆ ಅಡ್ಡ ನಿಂತು ಬಾಯಿಗೆ ಬಂದಂತೆ ಬೈದೆ. ಚಾಲಕ ಪುಟ್ಟಸ್ವಾಮಿ ಇಳಿದು ಬಂದು ಕೈಮುಗಿದರು. “ಬೈರಿ ಅಕ್ಕ, ಬೈರಿ. ಆಗ್ಲೇ ಮೂರು ಮೆಮೊ ಬಂದವೆ. ಇಲ್ಲಿ ನಿಲ್ಸಿದ್ರೆ ನಾಕ್ನೇದು. ಹನ್ನೆರಡು ನಿಮ್ಷ ನಾನೆಲ್ಲಿಂದ ತರ್ಲಿ ಯೋಳಿ?” ಮೈಯೆಲ್ಲ ಬೆವರಿತ್ತು ಅವರಿಗೆ. ನಾನು ದಾರಿ ಬಿಟ್ಟೆ.

ಕಾಲೇಜಿನಲ್ಲಿ ಮೊದಲ ಪಿರಿಯಡ್ಡೇ ಭೌತಶಾಸ್ತ್ರ. ಮುಂದಿನ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಶೇಕಡ ಎಪ್ಪತ್ತೈದು ಹಾಜರಿ ಬೇಕು, ಅವಳದು ಅರವತ್ತೊಂದು. ಪ್ರವೇಶಪತ್ರ ಕೊಡುವುದಿಲ್ಲ ಎಂದಿದ್ದಾರೆ. ಲೆಕ್ಕ ಬಲ್ಲವಳು ಪರೀಕ್ಷೆಯಿಂದ ಹೊರಗೆ, ಲೆಕ್ಕ ಬಾರದ ತಾವು ಫ್ಯಾನಿನ ಕೆಳಗೆ! ಹೊಟ್ಟೆ ಉರಿಯುತ್ತದೆ ಸ್ವಾಮಿ.

ವೇಳಾಪಟ್ಟಿಗೆ ಹನ್ನೆರಡು ನಿಮಿಷ ಸೇರಿಸಿ. ಪುಟ್ಟಸ್ವಾಮಿಯವರ ಮೆಮೊಗಳನ್ನು ಹಿಂಪಡೆಯಿರಿ. ಐಶ್ವರ್ಯಳ ಗೈರುಹಾಜರಿಗೆ ತಮ್ಮ ತಪ್ಪೇ ಕಾರಣ ಎಂದು ಪ್ರಾಂಶುಪಾಲರಿಗೆ ಬರೆದುಕೊಡಿ. ಅದನ್ನು ಕಾಲೇಜಿಗೆ ಕೊಡಲು ಶುಕ್ರವಾರ ಕೊನೆಯ ದಿನ. ಆ ಕಾಗದವನ್ನು ದಯವಿಟ್ಟು ಬಸ್ಸಿನಲ್ಲಿ ಕೊಟ್ಟು ಕಳಿಸಬೇಡಿ. ಅದು ನಮ್ಮೂರಿನಲ್ಲಿ ನಿಲ್ಲುವುದಿಲ್ಲ.

ಇಂತಿ,
ಕೈ ಅಡ್ಡ ಹಿಡಿದೂ ಹಿಡಿದೂ ಸೋತ
ಸರ್ವಮಂಗಳ, ಬಟ್ಟೆ ಹೊಲಿಯುವವಳು