ಚಿಗರಿ ನಡೆದು ಹೋದ ದಾರಿ

೧೪ ನವೆಂಬರ್ ೧೯೫೬, ಬುಧವಾರ. ಬಳಿಚಕ್ರ.

ಸಾಲಿ ಬೋರ್ಡಿನ ಮ್ಯಾಲ ಹೈದರಾಬಾದ್ ಅಳಿಸಿ ಮೈಸೂರು ಅಂತ ಬರಸೋದು ಇವತ್ತೂ ಆಗಲಿಲ್ಲ. ಮನಸ್ಸೆಲ್ಲಾ ಆ ಚಿಗರಿ ಮ್ಯಾಲ.

ತಾಯಿ ಇಲ್ಲದ ಜಿಂಕಿ ಮರಿ, ಆಡಿನ ಹಾಲು ಕುಡಿಸಿ ನಾನೇ ಬೆಳೆಸಿದ್ದೆ. ಮೊದಲ ದಿನ ನಮ್ಮ ನಾಯಿ ಕಂಡು ಕಾಲು ಬಡಿದು ಗಡಗಡ ನಡುಗಿತ್ತು. ನಾನು ನಕ್ಕು, ಎರಡಕ್ಕೂ ಒಂದೇ ಪರಾತದಾಗ ರೊಟ್ಟಿ ಮುರಿದು ಹಾಕಿದೆ. ವಾರದಾಗ ಅದು ನಾಯಿ ಬೆನ್ನಿಗೆ ತಲಿ ಇಟ್ಟು ಮಲಗೋದು ಕಲೀತು. ಊರಿಗೆಲ್ಲಾ ಕರೆದು ತೋರಿಸಿದೆ.

ಕುರಿ ಕಾಯೋ ಮಲಕಮ್ಮ ಒಬ್ಬಾಕಿ ಬೈದಳು: "ಅದು ನಾಯಿಗಿ ಅಂಜಲಿ ಬಿಡ್ರಿ ಮಾಸ್ತರ. ಕುರಿಗಿ ಅಂಜಿಕಿ ಇಲ್ಲಂದ್ರ ನಡೀತದ, ಹಿಂದ ನಾವಿರ್ತೀವಿ. ಇದರ ಹಿಂದ ಯಾರದಾರ?"

ನಾಲ್ಕಕ್ಷರ ಕಲಿತ ಸೊಕ್ಕು, ಕೇಳಲಿಲ್ಲ.

ದೊಡ್ಡದಾತು ಅಂತ ಆರು ದಿನದ ಹಿಂದ ಗುಡ್ಡಕ್ಕ ಬಿಟ್ಟು ಬಂದೆ. ಇವತ್ತು ಮುಂಜಾನೆ ಮಲಕಮ್ಮನೇ ಕರಕೊಂಡು ಹೋಗಿ ತೋರಿಸಿದಳು. ನಾ ಕೊರಳಿಗೆ ಕಟ್ಟಿದ್ದ ಕೆಂಪು ದಾರ ಅಷ್ಟೇ ಉಳಿದಿತ್ತು.

ಹಳ್ಳದ ಹಸಿ ಮಣ್ಣಿನ್ಯಾಗ ತೋಳದ ಹೆಜ್ಜಿ ಒಂದೇ ಕಡೆ ನಿಂತಿದ್ದವು. ಚಿಗರಿ ಓಡಿದ ಗುರುತೇ ಇಲ್ಲ. ಸಣ್ಣ ಸಣ್ಣ ಹೆಜ್ಜಿ ಇಟ್ಟು, ನೆಟ್ಟಗ ತೋಳದ ಕಡೆಗೇ ನಡೆದು ಹೋಗ್ಯಾದ.

ಪರಾತದ ಕಡೆ ಬರುವಾಗ ಹಿಂಗೇ ನಡೀತಿತ್ತು.