ಬೆಟ್ಟಕ್ಕೆ ಇಪ್ಪತ್ತೆರಡು ಹಲ್ಲು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

‘ನಿಧಾನವಾಗಿ ಹೋದವನೇ ದೂರ ಹೋದಾನು’ ಎಂಬ ಸಾಲೊಂದು ಎರಡು ವಾರದಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೆನೋ ನೆನಪಿಲ್ಲ. ಮುಂದಿನ ಅರ್ಧದಲ್ಲಿ ಧೂಳು ಬರುತ್ತದೆ, ಒಂದು ಬಾಗಿಲು ಬರುತ್ತದೆ, ನಡುವೆ ಇದ್ದದ್ದು ಅಳಿಸಿಹೋಗಿದೆ. ಓದಿದ ದಿನ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಈಗ ಕೇಳಬೇಕೆನಿಸುತ್ತದೆ: ಇದನ್ನು ಬರೆದವರು ಹೋದವನ ಜೊತೆಗೆ ಹೋಗಿದ್ದರೋ, ಮನೆಯಲ್ಲಿ ಕೂತು ಕಾದಿದ್ದರೋ? ದೂರ ಹೋಗುವುದು ಒಳ್ಳೆಯದೆಂದು ಅವರಿಗೆ ಹೇಳಿದವರು ಯಾರು?

ಇರಲಿ. ನಿನ್ನ ಸೊಂಟನೋವು ಹೇಗಿದೆ? ದಿನಕ್ಕೆ ಎಂಟು ಮುದುಕರನ್ನು ಹಾಸಿಗೆಯಿಂದೆತ್ತಿ ಕುರ್ಚಿಗೆ, ಕುರ್ಚಿಯಿಂದೆತ್ತಿ ಹಾಸಿಗೆಗೆ ಸಾಗಿಸುವ ಹೆಣ್ಣಿಗೆ ಬೆಲ್ಟ್ ಕಟ್ಟಿಕೋ ಎಂದು ನಾನು ಹೇಳಬೇಕೇ? ಕಟ್ಟಿಕೋ. ರಜೆಗೆ ಬಂದಿದ್ದ ನಿನ್ನ ಜೊತೆಯ ನರ್ಸ್ ಈ ಸಂಜೆ ಹೊರಡುತ್ತಾಳಂತೆ, ಹೋಗುವ ದಾರಿಯಲ್ಲಿ ಬಂದು ಈ ಕಾಗದ ಒಯ್ಯುತ್ತಾಳೆ. ಫೋನಿನಲ್ಲಿ ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀನು ‘ನಿನ್ನ ತಪ್ಪೇನಿಲ್ಲ ಬಿಡೇ’ ಅಂದೆ. ಆಮೇಲೆ ಹೇಗೆ ಹೇಳುವುದು? ಅಪ್ಪನ ತೊಡೆಮೂಳೆಗೆ ಪ್ಲೇಟು ಹಾಕಿ ಇವತ್ತಿಗೆ ಹತ್ತು ದಿನ. ಗಾಯ ಒಣಗುತ್ತಿದೆ, ಕೆಮ್ಮು ಬಿಟ್ಟಿಲ್ಲ. ಆ ಬೂದಿ ಇನ್ನೂ ಎದೆಯೊಳಗೆ ಇದೆಯೆಂದು ಡಾಕ್ಟರು ಹೇಳುತ್ತಾರೆ. ಗಂಜಿಯನ್ನು ಮೂರು ಚಮಚ ನುಂಗಿ ನಾಲ್ಕನೆಯದಕ್ಕೆ ಹಲ್ಲು ಕಚ್ಚುತ್ತಾನೆ. ಇನ್ನು ನಡೆಯುವುದು ಅನುಮಾನ, ನಡೆದರೂ ವಾಕರ್ ಹಿಡಿದು ನಾಲ್ಕು ಹೆಜ್ಜೆ. ಆಸ್ಪತ್ರೆಯಿಂದ ತಂದು ಅವನನ್ನು ಈ ಮಹಡಿ ಮನೆಗೆ ಹತ್ತಿಸಿ ನಾನೊಬ್ಬಳೇ ನೋಡಿಕೊಳ್ಳಲಾರೆ. ವೃದ್ಧಾಶ್ರಮಕ್ಕೆ ಸೇರಿಸಲೇಬೇಕು ಎಂಬ ನಿನ್ನ ಮಾತಿಗೆ ನನ್ನ ಜಗಳವಿಲ್ಲ. ನನ್ನ ಜಗಳ ಅರ್ಜಿಯ ಒಂದು ಸಾಲಿನ ಮೇಲೆ.

ನೀನು ಸಹಿ ಮಾಡಿ ಕಳಿಸಿದ ಅರ್ಜಿ ಎದುರಿಗೇ ಇದೆ. ‘ಮನೆ ಬಿಟ್ಟು ಹೋಗುವ ಅಭ್ಯಾಸವಿದೆಯೇ’ ಎಂದು ಕೇಳಿದಲ್ಲಿ ‘ಇದೆ. ಎಲ್ಲಿಗೆಂಬ ಅರಿವಿಲ್ಲದೆ ಅಲೆಯುತ್ತಾರೆ’ ಎಂದು ಬರೆದಿದ್ದೀಯ. ಪೊಲೀಸರ ವರದಿಯಲ್ಲೂ ಹಾಗೇ ಇದೆ, ನೀನು ಅದನ್ನು ನೋಡಿಯೇ ಬರೆದಿರಬೇಕು. ನಾನು ಗುರುವಾರ ಹೋಗಿ ಜಾಗ ನೋಡಿ ಬಂದೆ. ಕೆಳಗಿನ ಅಂತಸ್ತಿನಲ್ಲಿ ಅಂಗಳವಿದೆ, ಬೆಂಚಿದೆ, ಗಾಲಿಕುರ್ಚಿಯವರನ್ನು ಬಿಸಿಲಿಗೆ ತಂದು ಕೂರಿಸುತ್ತಾರೆ. ಒಬ್ಬ ಅಜ್ಜ ಮರದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ, ಯಾರೂ ಬೇಡ ಅನ್ನಲಿಲ್ಲ. ಮೇಲಿನದು ಬೀಗದ ಅಂತಸ್ತು. ಕಿಟಕಿಗೆ ಜಾಲರಿ, ಗೋಡೆಯ ಮೇಲೆತ್ತರದಲ್ಲಿ ಒಂದು ಟಿವಿ, ಹನ್ನೆರಡು ಮಂಚ. ಕೈಗೆ ಏನನ್ನೂ ಕೊಡುವುದಿಲ್ಲ, ಬಾಯಿಗೆ ಹಾಕಿಕೊಳ್ಳುತ್ತಾರಂತೆ. ಎಲ್ಲಿಗೆಂದು ಅರಿಯದೆ ಅಲೆಯುವವರು ಮೇಲೆ, ಉಳಿದವರು ಕೆಳಗೆ, ಅದು ಅಲ್ಲಿಯ ನಿಯಮ. ನಡೆಯಲಾರದವರಿಗೂ ಅದೇ ನಿಯಮವೇ ಎಂದು ಕೇಳಿದೆ. ‘ಇಬ್ಬರು ಮಕ್ಕಳೂ ಸಹಿ ಹಾಕಿದ್ದನ್ನೇ ನಾವು ನೋಡೋದು ಮೇಡಂ’ ಅಂದರು ಮ್ಯಾನೇಜರ್. ನನ್ನ ಸಹಿಯ ಜಾಗ ಇನ್ನೂ ಖಾಲಿ ಇದೆ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು, ನಡುವೆ ಎದ್ದು ಹೋಗಬೇಡ.

ಆ ಕೆಂಪು ಸೈಕಲ್ ಮನೆಗೆ ಬಂದ ದಿನ ನೆನಪಿದೆಯಲ್ಲ? ‘ಕೊಂಡದ್ದು ಸೈಕಲ್ಲೋ ಎಮ್ಮೆಯೋ’ ಎಂದು ನೀನು ನಕ್ಕಿದ್ದೆ. ಉಕ್ಕಿನದು, ಬೆಟ್ಟ ಹತ್ತುವವರಿಗೆಂದು ಮಾಡಿದ್ದು, ಯಾರೋ ಹತ್ತು ವರ್ಷ ತುಳಿದು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹಾಕಿದ್ದು. ಚೆಂಡು ಇಟ್ಟರೆ ಉರುಳದ ಈ ಊರಿಗೆ ಇಪ್ಪತ್ತೊಂದು ಗೇರು. ನಲವತ್ತು ವರ್ಷ ಕಾರ್ಖಾನೆಯಲ್ಲಿ ಗೇರಿನ ಹಲ್ಲು ಕೊರೆದವನಿಗೆ ಅದೇ ರುಚಿ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು; ಬೇಡದಿದ್ದರೂ ಬದಲಿಸುತ್ತ, ಆ ಕಟಕಟ ಕೇಳುತ್ತ ಹೋಗುತ್ತಿದ್ದ. ಕಳೆದ ವರ್ಷದಿಂದ ಆ ಗುಂಡಿಗಳೇ ಅವನಿಗೆ ವೈರಿಯಾದವು. ಯಾವುದನ್ನು ಒತ್ತಿದರೆ ಏನಾಗುತ್ತದೆಂದು ಮರೆತು ಎರಡನ್ನೂ ಒತ್ತುವುದು, ಚೈನ್ ಕಳಚುವುದು, ನಡುರಸ್ತೆಯಲ್ಲಿ ನಿಂತು ತನ್ನ ಕೈಗಳನ್ನೇ ನೋಡಿಕೊಳ್ಳುವುದು. ‘ಮಾರಿಬಿಡು’ ಅಂದೆ ನೀನು. ‘ಆಯ್ತು’ ಅಂದೆ ನಾನು. ಮಾರಲಿಲ್ಲ. ಇದು ನನ್ನ ಮೊದಲನೆಯ ತಪ್ಪು.

ಮಾರುವ ಬದಲು ಗೇರುಗಳನ್ನು ತೆಗೆಸಿ ಒಂದೇ ಉಳಿಸಿದರೆ ಹೇಗೆ ಎಂದುಕೊಂಡೆ. ಗೊಂದಲವೂ ಇಲ್ಲ, ಚೈನೂ ಬೀಳುವುದಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಮಗಳು ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಲೈಬ್ರರಿಯಲ್ಲಿ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆ. ಮುಂದೆ ಇರುವ ಮೂರರಲ್ಲಿ ಅತಿ ಚಿಕ್ಕದಕ್ಕೆ ಇಪ್ಪತ್ನಾಲ್ಕು ಹಲ್ಲು. ಹಿಂದೆ ಇಪ್ಪತ್ತೆರಡು ಹಲ್ಲಿನದೊಂದನ್ನು ಹಾಕಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಒಂದು ಸುತ್ತಿಗಿಂತ ಚೂರೇ ಹೆಚ್ಚು ತಿರುಗುತ್ತದೆ. ಅಪ್ಪ ಎಷ್ಟು ತುಳಿದರೂ ನಾನು ಬಿರುಸಾಗಿ ನಡೆದು ಹಿಡಿಯಬಹುದು. ಅವನಿಗೆ ಸೈಕಲ್ ಇರುತ್ತದೆ, ನನಗೆ ಅಪ್ಪ ಇರುತ್ತಾನೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅದೇ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಇಪ್ಪತ್ತೆರಡು ಹಲ್ಲಿನ ಫ್ರೀವೀಲ್ ಹುಡುಕಿಸಿ ಬ್ಯಾಗಿನಲ್ಲಿ ಪುಸ್ತಕಗಳ ನಡುವೆ ಇಟ್ಟುಕೊಂಡು ಬಂದೆ.

ಕೆಲಸ ಮಾಡಿದ್ದು ಅಪ್ಪನೇ. ಬೆಳಗಿನ ತಿಂಡಿ ತಿಂದೆನೋ ಇಲ್ಲವೋ ತಿಳಿಯದ ಮನುಷ್ಯ ಸ್ಪ್ಯಾನರ್ ಹಿಡಿದರೆ ಬೇರೆಯೇ ಆಗುತ್ತಿದ್ದ ಅಕ್ಕಾ, ನೀನು ನೋಡಬೇಕಿತ್ತು. ಹ್ಯಾಂಡಲ್ಲಿನ ಗುಂಡಿ ಬಿಚ್ಚಿದ, ಗೇರಿನ ಕೇಬಲ್ ಎಳೆದು ಸುತ್ತಿಟ್ಟ, ಬ್ರೇಕಿನ ಕೇಬಲ್ ಮುಟ್ಟಬೇಡವೆಂದು ನನಗೇ ಗದರಿದ. ಮುಂದಿನ ಚಕ್ರದಿಂದ ಹಿಂದಿನದಕ್ಕೆ ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, ಅಕ್ಕಿಕಾಳಿನಷ್ಟು ವಾರೆ ಇದ್ದದ್ದಕ್ಕೆ ವಾಷರ್ ಕೊಟ್ಟು ನೇರ ಮಾಡಿದ. ‘ಚೈನ್ ನೇರ ಇದ್ರೆ ಮಾತಾಡಲ್ಲ, ವಾರೆ ಇದ್ರೆ ನಿಮ್ಮಕ್ಕನ ಹಾಗೆ ಗೊಣಗುತ್ತೆ’ ಅಂದ. (ನಿನ್ನ ಹೆಸರು ಬಾಯಿಗೆ ಬರಲಿಲ್ಲ, ಗೊಣಗಾಟ ನೆನಪಿತ್ತು. ಬೇಸರ ಮಾಡಿಕೊಳ್ಳಬೇಡ.) ಇನ್ನು ಹೆಚ್ಚಿನ ಕೊಂಡಿಗಳನ್ನು ಕಳಚಿ ಚೈನ್ ಗಿಡ್ಡ ಮಾಡಿ, ಗಾಲಿಯನ್ನು ಹಿಂದಕ್ಕೆಳೆದು ಬಿಗಿ ಮಾಡುವುದಷ್ಟೇ ಉಳಿದಿತ್ತು. ಆಗ ಫ್ರೀವೀಲನ್ನು ಕೈಗೆ ಕೊಟ್ಟೆ. ಬೆರಳಿನಲ್ಲೇ ಎಣಿಸಿದ, ನೋಡಲೂ ಇಲ್ಲ. ‘ಇಪ್ಪತ್ತೆರಡು. ಒಂದೇ ಗೇರ್ ಅಂದ್ರೆ ಒಂದೇ ದಾರಿ ಕಣೇ. ದಾರಿ ನೀನು ಹೇಳು, ಹಲ್ಲು ನಾನು ಹೇಳ್ತೀನಿ. ಈ ಊರಿಗಾದ್ರೆ ಹದಿನೆಂಟು, ಮುಂದೆ ನಡುವಿನ ಚಕ್ರ. ಇದು ಬೆಟ್ಟದ ಹಲ್ಲು. ನಾವು ಬೆಟ್ಟಕ್ಕೆ ಹೋಗ್ತೀವಾ?’

ನಾನು ‘ಹೌದಪ್ಪಾ, ಬೆಟ್ಟಕ್ಕೆ’ ಅಂದೆ.

ಅಷ್ಟೇ. ಯಾವ ಬೆಟ್ಟವೆಂದು ಅವನು ಕೇಳಲಿಲ್ಲ. ಲೆಕ್ಕ ಸರಿಹೋಯಿತೆಂಬ ಹಾಗೆ ತಲೆಯಾಡಿಸಿ, ದಾರದ ಅಳತೆ ಮತ್ತೊಮ್ಮೆ ನೋಡಿ, ಹಾಕಿದ.

ಹದಿನಾರು ದಿನ ನನ್ನ ಲೆಕ್ಕ ಗೆದ್ದಿತು. ಅಪ್ಪ ಮುಂದೆ, ಹತ್ತು ಹೆಜ್ಜೆ ಹಿಂದೆ ನಾನು. ಗಿರಿಗಿರಿ ತುಳಿಯುತ್ತಾನೆ, ಸೈಕಲ್ ಮಾತ್ರ ತೆವಳುತ್ತದೆ. ‘ಮಗಳು ಅಪ್ಪನಿಗೆ ಸೈಕಲ್ ಕಲಿಸ್ತಿದ್ದಾಳೆ’ ಎಂದು ಬೀದಿಯೆಲ್ಲ ನಗು. ಕೆಳಮನೆಯ ರಿಟೈರ್ಡ್ ಬಸ್ ಡ್ರೈವರು ‘ನನ್ನ ಹಳೇ ಬಸ್ಸೂ ಇಷ್ಟು ಕಷ್ಟಪಡ್ತಿರ್ಲಿಲ್ಲ ಯಜಮಾನ್ರೇ’ ಅಂದರೆ, ಅಪ್ಪ ಗಂಭೀರವಾಗಿ ‘ಇದು ಇಲ್ಲಿಗಲ್ಲ’ ಅನ್ನುತ್ತಿದ್ದ. ಮನೆಗೆ ಬಂದು ‘ಯಾವಾಗ?’ ಎಂದು ನನ್ನನ್ನು ಕೇಳುತ್ತಿದ್ದ. ನಾನು ‘ನಾಳೆ’ ಅನ್ನುತ್ತಿದ್ದೆ. ಮರೆಯುತ್ತಾನೆ ಬಿಡು ಅಂದುಕೊಂಡೆ. ಎಲ್ಲ ಮರೆಯುತ್ತಿದ್ದನಲ್ಲ.

ಆ ಭಾನುವಾರ ಬೆಳಿಗ್ಗೆ ನಾನು ಒಳಗೆ ಓದುತ್ತಿದ್ದೆ. ಅವನು ಸೈಕಲ್ಲನ್ನು ಮೆಟ್ಟಿಲಿನಿಂದ ಇಳಿಸುವ ಸದ್ದು ಕೇಳಿಸಿತು ಅಕ್ಕಾ. ಇದನ್ನು ಯಾರಿಗೂ ಹೇಳಿಲ್ಲ, ಪೊಲೀಸರಿಗೂ ಇಲ್ಲ. ಕೇಳಿಸಿತು, ಏಳಲಿಲ್ಲ. ಈ ಪುಟ ಮುಗಿಸಿ ಹೋದರೂ ಸಿಗುತ್ತಾನೆ ಅಂದುಕೊಂಡೆ. ಒಂದು ಪುಟ ಏಳೆಂಟಾಯಿತು. ಮುಕ್ಕಾಲು ಗಂಟೆ ಕಳೆದು ಕೆಳಗಿಳಿದರೆ ಬೀದಿಯ ಎರಡೂ ತುದಿ ಖಾಲಿ. ಮಧ್ಯಾಹ್ನದವರೆಗೆ ಅವನು ದಿನಾ ಹೋಗುವ ಗಲ್ಲಿಗಳನ್ನೇ ಸುತ್ತಿದೆ. ಪೊಲೀಸರು ಎಷ್ಟು ದೂರದವರೆಗೆ ಹುಡುಕಬೇಕು ಎಂದಾಗ, ‘ಆ ಸೈಕಲ್ಲಿನಲ್ಲಿ ದೂರ ಹೋಗಲು ಆಗುವುದಿಲ್ಲ, ಎರಡು ಕಿಲೋಮೀಟರ್ ಸಾಕು’ ಅಂದವಳು ನಾನು. ಎಷ್ಟು ಖಚಿತವಾಗಿ ಹೇಳಿದೆನೆಂದರೆ ಅವರು ಬರೆದುಕೊಂಡರು. ಕೆರೆ, ಬಸ್‌ಸ್ಟ್ಯಾಂಡು, ಮಾರುಕಟ್ಟೆಯ ಹಿಂಭಾಗ, ಎಲ್ಲ ಎರಡು ಕಿಲೋಮೀಟರಿನೊಳಗೆ. ಅವನು ಹನ್ನೊಂದು ಕಿಲೋಮೀಟರಿನಾಚೆ, ಮುಚ್ಚಿದ ವಿದ್ಯುತ್ ಸ್ಥಾವರದ ಬೂದಿ ದಿಬ್ಬದ ಬುಡದಲ್ಲಿ, ಮುರಿದ ತೊಡೆಯೊಂದಿಗೆ ಬಿದ್ದಿದ್ದ. ಇಟ್ಟಿಗೆಗೆಂದು ಬೂದಿ ತುಂಬಲು ಬಂದ ಲಾರಿಯವನು ಮರುದಿನ ಕಾಣುವವರೆಗೆ ಹಾಗೇ ಇದ್ದ. ತುಟಿ, ಕಣ್ಣಿನ ರೆಪ್ಪೆ ಎಲ್ಲ ಬೂದಿ. ಲಾರಿಯವನು ಮೊದಲು ಗೊಂಬೆ ಅಂದುಕೊಂಡನಂತೆ.

ಅಲ್ಲಿಗೆ ಹೇಗೆ ಹೋದನೆಂದು ಯಾರಿಗೂ ತಿಳಿಯಲಿಲ್ಲ. ಅರಿವಿಲ್ಲದೆ ಅಲೆಯುತ್ತ ಹೋಗಿರಬೇಕೆಂದು ಬರೆದು ಮುಗಿಸಿದರು. ಆಪರೇಷನ್ ಆದ ಮೂರನೆಯ ದಿನ ಅಪ್ಪ ಕಣ್ಣುಬಿಟ್ಟು, ನಾನ್ಯಾರೆಂದು ಸ್ವಲ್ಪ ಹೊತ್ತು ಹುಡುಕಿ, ಕಂಡುಹಿಡಿದು, ಹೇಳಿದ: ‘ನಿನ್ನ ಬೆಟ್ಟ ತೀರಾ ಚಿಕ್ಕದು ಕಣೇ. ಅದಕ್ಕೆ ಇಪ್ಪತ್ತೆರಡು ಬೇಕಿರ್ಲಿಲ್ಲ. ಮಣ್ಣು ಬೇರೆ ಸಡಿಲ.’ ಪಕ್ಕದಲ್ಲಿದ್ದ ನರ್ಸು ಜ್ವರದ ಬಡಬಡಿಕೆ ಎಂದು ನಕ್ಕಳು.

ಅವನು ಅಲೆಯಲಿಲ್ಲ ಅಕ್ಕಾ. ನಾನು ಕಳಿಸಿದಲ್ಲಿಗೆ ಹೋದ. ಹದಿನಾರು ದಿನ ಒಂದು ಮಾತನ್ನು ಕೆಳಗೆ ಬೀಳಿಸದೆ ಹಿಡಿದುಕೊಂಡಿದ್ದ. ಈ ಊರಿನಲ್ಲಿ ಬೆಟ್ಟವೆಂದು ಕರೆಯಬಹುದಾದದ್ದು ಅದೊಂದೇ. ಅದನ್ನು ಹುಡುಕಿ ತೆಗೆದು ಹತ್ತಿಯೂ ಬಿಟ್ಟ. ‘ಎಲ್ಲಿಗೆಂಬ ಅರಿವಿಲ್ಲದೆ’ ಎಂಬುದರ ಕೆಳಗೆ ನಾನು ಸಹಿ ಹಾಕಿದರೆ ನನ್ನ ಸುಳ್ಳು ಮುಚ್ಚಿಹೋಗುತ್ತದೆ, ಅವನು ಬೀಗದೊಳಗೆ ಹೋಗುತ್ತಾನೆ. ಆ ಸಾಲು ಹೊಡೆದು ಹಾಕಿ ‘ಮಗಳು ಹೇಳಿದ ಸ್ಥಳಕ್ಕೆ ಹೋಗಿದ್ದರು’ ಎಂದು ಬರೆದು ಇಬ್ಬರೂ ಸಹಿ ಹಾಕೋಣ. ಯಾವ ಮಗಳು ಎಂದು ಕೇಳಿದರೆ ನಾನು ಹೇಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಮಾರಿಬಿಡು ಅಂದವಳು ನೀನು, ನಿನ್ನ ಮಾತೇ ಸರಿಯಾಗಿತ್ತು. ಅದನ್ನು ಎಷ್ಟು ಸಲ ಬೇಕಾದರೂ ಹೇಳು. ಸಾಲನ್ನು ಮಾತ್ರ ಬದಲಿಸು. ಮೂವತ್ತನೇ ತಾರೀಖಿನೊಳಗೆ ಅರ್ಜಿ ಕೊಡಬೇಕು. ನನ್ನ ಮಾತಿಗೆ ಸಾಕ್ಷಿ ಏನೆಂದು ಆಶ್ರಮದವರು ಕೇಳಬಹುದು. ಮರೆವಿನ ಮನುಷ್ಯ ಹಾಸಿಗೆಯಲ್ಲಿ ಆಡಿದ ಒಂದು ಮಾತಿನ ಹೊರತು ನನ್ನಲ್ಲಿ ಏನೂ ಇಲ್ಲ.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು, ಮಗಳಿಗೊಂದು ಮುತ್ತು. ಸೊಂಟಕ್ಕೆ ಬೆಲ್ಟ್ ಮರೆಯಬೇಡ. ಅಪ್ಪ ಎಚ್ಚರವಿದ್ದಾಗ ನಿನ್ನ ಫೋಟೋ ತೋರಿಸುತ್ತೇನೆ, ‘ಗೊಣಗುತ್ತಾಳೆ’ ಅನ್ನುತ್ತಾನೆ. ಅದನ್ನು ಆಶೀರ್ವಾದವೆಂದೇ ತಿಳಿ.

ನಿನ್ನ ಮಾತು ಮೀರಿದ
ತಂಗಿ

ತಾ.ಕ. ಲಕೋಟೆ ಅಂಟಿಸುವಾಗ ಬಾಗಿಲು ಬಡಿದರು, ಅದಕ್ಕೇ ಮತ್ತೆ ತೆರೆದೆ. ಕೆಳಮನೆಯ ಡ್ರೈವರು. ಆ ಭಾನುವಾರ ಬೆಳಿಗ್ಗೆಯೇ ಮಗಳ ಊರಿಗೆ ಹೋದವರು ಈಗಷ್ಟೇ ಮರಳಿದ್ದಾರೆ, ಕೈಯಲ್ಲಿನ ಚೀಲ ಇನ್ನೂ ಇಳಿಸಿಲ್ಲ, ಬೀದಿಯಲ್ಲಿ ಯಾರೋ ಸುದ್ದಿ ಹೇಳಿದ್ದಾರೆ. ಒಳಗೆ ಬನ್ನಿ ಅಂದರೂ ಬರಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ, ಕಾಗದ ಒಯ್ಯುವವಳು ಕೆಳಗೆ ಕಾಯುತ್ತಿದ್ದಾಳೆ: ‘ನಾನು ಹೊರಡೋ ಗಡಿಬಿಡಿಯಲ್ಲಿದ್ದೆ ತಾಯಿ. ಯಜಮಾನ್ರು ಸೈಕಲ್ ಹಿಡ್ಕೊಂಡು ಬಂದು ಬೆಟ್ಟಕ್ಕೆ ಯಾವ ದಾರಿ ಅಂದ್ರು. ಈ ಊರಲ್ಲಿ ಬೆಟ್ಟ ಎಲ್ಲಿದೆ? ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಬೂದಿ ದಿಬ್ಬ ನೆನಪಾಯ್ತು, ದಾರಿ ಹೇಳ್ದೆ. ಅಷ್ಟು ದೂರ ಎಲ್ಲಿ ಹೋಗ್ತಾರೆ, ಗಲ್ಲಿ ದಾಟೋದ್ರಲ್ಲಿ ಮರೀತಾರೆ ಅಂದ್ಕೊಂಡೆ. ಎರಡು ಸಲ ಹೇಳಿಸ್ಕೊಂಡ್ರು. ಮೂರನೇ ಸಲ ಅವರೇ ನನಗೆ ಒಪ್ಪಿಸಿದ್ರು ತಾಯಿ, ಒಂದು ತಿರುವೂ ತಪ್ಪಲಿಲ್ಲ.’