ಟಿಲ್ಡಾಳಿಗೆ ಯಾವ ಹೈಸ್ಕೂಲು?

ವೆಲ್ಬಿ, ನೆಬ್ರಾಸ್ಕಾ
ಏಪ್ರಿಲ್ 19, ಭಾನುವಾರ

ನನ್ನ ಕೊರೀನ್‌ಗೆ ಅಮ್ಮನ ತುಂಬು ಪ್ರೀತಿ.

ನೀನು ಒಪ್ಪಿಸಿದ ಕೆಲಸ ಮುಗಿಸಿದೆ. ನನ್ನ ಮೊಮ್ಮಗಳಿಗೆಂದು ನಮ್ಮೂರಿನದು, ಪಕ್ಕದ ಡಾರ್ನೆಲ್ ಊರಿನದು, ಎರಡು ಹೈಸ್ಕೂಲನ್ನೂ ನೋಡಿ ಬಂದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ವೆಲ್ಬಿ ಶಾಲೆಯ ಬಸ್ಸು ಓಡಿಸುತ್ತಿರುವವಳು ನಾನು. ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಡಾರ್ನೆಲ್‌ಗೆ ಮೊದಲು ಹೋದೆ, ಅದೂ ಚರ್ಚಿಗೆ ಹೋಗುವಾಗಿನ ಕೋಟು ಹಾಕಿಕೊಂಡು.

ಡಾರ್ನೆಲ್ ಚೆನ್ನಾಗಿದೆ ಕಣೇ, ಸುಳ್ಳು ಹೇಳಲಾರೆ. ಆರುನೂರ ಇಪ್ಪತ್ತು ಮಕ್ಕಳು. ಪ್ರಯೋಗಾಲಯ ನಮ್ಮೂರಿನ ಆಸ್ಪತ್ರೆಗಿಂತ ಚೊಕ್ಕಟ. ತಂತಿವಾದ್ಯದ ಮೇಳವೇ ಬೇರೆ ಇದೆ, ಅದರಲ್ಲಿ ನಾಲ್ಕು ಚೆಲ್ಲೊ. ಟಿಲ್ಡಾ ಐದನೆಯವಳಾಗುತ್ತಾಳಲ್ಲ ಎಂದುಕೊಂಡು ಬಾಗಿಲಲ್ಲಿ ನಿಂತು ಕೇಳಿದೆ. ನುಡಿಸಿದ್ದು ಏನೆಂದು ತಿಳಿಯಲಿಲ್ಲ, ಆದರೂ ಕಣ್ಣು ಒದ್ದೆಯಾಯಿತು. ನಮ್ಮ ವೆಲ್ಬಿಯ ಬ್ಯಾಂಡಿನಲ್ಲಿ ಇರುವುದೇ ಹನ್ನೊಂದು ಜನ, ಅವರಲ್ಲಿ ನಾಲ್ವರು ಡೋಲು ಬಡಿಯುವವರು.

ಇನ್ನು ನೀನು ಇಂಟರ್‌ನೆಟ್ಟಿನಿಂದ ತೆಗೆದು ಕಳಿಸಿದ ಶಾಲೆಗಳ ಅಂಕದ ಪಟ್ಟಿ. ಡಾರ್ನೆಲ್‌ಗೆ ಹತ್ತಕ್ಕೆ ಏಳು, ವೆಲ್ಬಿಗೆ ನಾಲ್ಕು. ಹೋದ ವರ್ಷ ವೆಲ್ಬಿಯಲ್ಲಿ ಪಾಸಾಗಿ ಹೊರಬಿದ್ದವರು ನೂರಕ್ಕೆ ಎಂಬತ್ತೊಂಬತ್ತು ಎನ್ನುವ ಕಡೆ ನೀನು ಕೆಂಪು ಗೆರೆ ಎಳೆದಿದ್ದೀಯ. ಆ ತರಗತಿಯಲ್ಲಿ ಇದ್ದದ್ದೇ ಒಂಬತ್ತು ಮಕ್ಕಳು ಮಹರಾಯ್ತಿ! ಒಬ್ಬನಿಗೆ ನೆಗಡಿಯಾದರೆ ಇಡೀ ಶಾಲೆ ಸೀನಿದಂತೆ. ಆ ಒಬ್ಬ ಪ್ರೂಯಿಟ್ ಮನೆಯ ಹುಡುಗ. ಹಸುಗಳು ಕರು ಹಾಕುವ ಹೊತ್ತಿಗೆ ಸರಿಯಾಗಿ ಅಪ್ಪ ಬಿದ್ದು ಸೊಂಟ ಮುರಿದುಕೊಂಡ, ಇವನು ಫೆಬ್ರವರಿಯಿಂದ ಶಾಲೆಗೆ ಬರಲಿಲ್ಲ. ಪ್ರಿನ್ಸಿಪಾಲ್ ಮಿಸ್ ಓಸ್ಟರ್‌ಗ್ರೆನ್ ಗುರುವಾರ ಗುರುವಾರ ಅವರ ಕೊಟ್ಟಿಗೆಗೇ ಹೋಗಿ ಪಾಠ ಹೇಳಿದರು. ಆಗಸ್ಟಿನಲ್ಲಿ ಹುಡುಗ ಪಾಸಾದ. ಪಟ್ಟಿ ಮಾತ್ರ ಮೇ ತಿಂಗಳಲ್ಲೇ ಮುಗಿದಿತ್ತು.

ಎರಡೂ ಕಡೆ ನಾನು ಒಂದೇ ಪ್ರಶ್ನೆ ಕೇಳಿದೆ: ಬೆಳಿಗ್ಗೆ ಒಂದು ಮಗು ಬರದಿದ್ದರೆ ಯಾರಿಗೆ, ಯಾವಾಗ ಗೊತ್ತಾಗುತ್ತದೆ? ಈ ಚಳಿಗಾಲದಲ್ಲಿ ಟಿಲ್ಡಾ ಚೀಲ ಹೊತ್ತು ಮನೆಯಿಂದ ಹೊರಟು, ಹನ್ನೊಂದು ದಿನ ಶಾಲೆ ಮುಟ್ಟದೆ, ಅಷ್ಟು ದಿನವೂ ನಿನಗೆ ಸುಳಿವೇ ಸಿಗದೆ ಹೋಯಿತು. ಆ ಹೆದರಿಕೆಗೆ ತಾನೇ ನೀವು ಒಮಾಹಾ ಬಿಟ್ಟು ಇಲ್ಲಿಗೆ ಬರುತ್ತಿರುವುದು?

ಡಾರ್ನೆಲ್ ಆಫೀಸಿನ ಹೆಂಗಸು ತುಂಬ ಮರ್ಯಾದಸ್ಥೆ. “ಹತ್ತೂವರೆಗೆ ಮಿಷಿನ್ನೇ ಮನೆಗೆ ಫೋನ್ ಮಾಡುತ್ತೆ ಮೇಡಂ, ಒಂದಿನಾನೂ ತಪ್ಪಿಸಲ್ಲ” ಎಂದಳು. ಮಿಸ್ ಓಸ್ಟರ್‌ಗ್ರೆನ್ ಅವರನ್ನು ಕೇಳಿದರೆ ನಕ್ಕುಬಿಟ್ಟರು. “ಎಂಟೂ ಹತ್ತಕ್ಕೆ ಒಂದು ಕುರ್ಚಿ ಖಾಲಿ ಇದ್ರೆ ಅಡುಗೆಯವಳೇ ಕೂಗ್ತಾಳೆ. ನಾನು ಕಾರು ತಗೊಂಡು ಹೊರಡ್ತೀನಿ. ಇದನ್ನ ನೀವು ಬಂದು ನನ್ನ ಕೇಳ್ತೀರಲ್ಲ, ನಾಡೀನ್!” ಎಂದರು. ಆ ಕಟ್ಟಳೆ ಶುರುವಾದದ್ದು ನೀನು ಊರು ಬಿಟ್ಟ ಮೇಲೆ.

ನಿನ್ನ ಜವಾಬು ನನಗೆ ಗೊತ್ತು. ನಿಮ್ಮಪ್ಪ ಮನೆ ಬಿಟ್ಟು ಹೋದ ಆ ಅಕ್ಟೋಬರಿನಲ್ಲಿ ನೀನು ದಿನಾ ನನ್ನ ಬಸ್ಸಿನಿಂದಲೇ ಇಳಿದು, ಶಾಲೆಯ ಆಟದ ಕಟ್ಟಡದ ಹಿಂದೆ ಹಾದು, ಜೋಳದ ಉಗ್ರಾಣದಲ್ಲಿ ಕೂತು, ಸಂಜೆ ಮತ್ತೆ ನನ್ನ ಬಸ್ಸನ್ನೇ ಹತ್ತುತ್ತಿದ್ದೆ. ಒಂಬತ್ತು ದಿನ! “ಆ ಶಾಲೆಯಲ್ಲಿ ಒಂದು ನರಪಿಳ್ಳೆಯೂ ನಾನೆಲ್ಲಿ ಅಂತ ಕೇಳಲಿಲ್ಲ” ಎಂದು ಇವತ್ತಿಗೂ ಹೇಳುತ್ತೀಯ. ಅದಾದ ಮೇಲೆ ಒಮಾಹಾದ ಚಿಕ್ಕಮ್ಮನ ಮನೆಗೆ ಹೋದವಳು ಓದನ್ನೂ ಅಲ್ಲೇ ಮುಗಿಸಿದೆ. ಬಸ್ಸಿನವಳ ಮಗಳು ಬಂದಿಲ್ಲವೆಂದರೆ ಅಮ್ಮನಿಗೆ ಗೊತ್ತಿದ್ದೇ ಇರುತ್ತದೆಂದು ಎಲ್ಲರೂ ಸುಮ್ಮನಿದ್ದರು, ನನಗೂ ತಿಳಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಆದರೂ ನನ್ನ ಮಾತು ಕೇಳುವುದಾದರೆ, ವೆಲ್ಬಿ. ಚೆಲ್ಲೊಗೂ ಒಂದು ದಾರಿ ಮಾಡಿದ್ದೇನೆ. ಮಂಗಳವಾರ, ಗುರುವಾರ ಮಧ್ಯಾಹ್ನ ಕರೆತಂದರೆ ಸೇರಿಸಿಕೊಳ್ಳುತ್ತೇನೆಂದು ಡಾರ್ನೆಲ್‌ನ ಸಂಗೀತದ ಮೇಷ್ಟ್ರು ಒಪ್ಪಿದ್ದಾರೆ. ಹದಿನೆಂಟು ಮೈಲಿ. ಯಾರು ಕರೆದುಕೊಂಡು ಹೋಗುತ್ತಾರೆಂದು ಕೇಳಿ ನನ್ನನ್ನು ಮುದುಕಿ ಮಾಡಬೇಡ.

ಮೇ ಒಂದು, ಶುಕ್ರವಾರ, ಟಿಲ್ಡಾಳನ್ನು ಕರೆದುಕೊಂಡು ಬಾ. ಎರಡು ಶಾಲೆಯಲ್ಲೂ ಅರ್ಧರ್ಧ ದಿನ ಕೂರಲಿ, ಆಮೇಲೆ ಅವಳೇ ಹೇಳಲಿ. ಎಲೆಕೋಸು, ಮಾಂಸ ತುಂಬಿದ ಬನ್ನು ಮಾಡಿಟ್ಟಿರುತ್ತೇನೆ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಇಷ್ಟು ವರ್ಷ ಹೇಳಿಕೊಂಡು ಬಂದದ್ದೂ ಅದನ್ನೇ. ನಾಲ್ಕನೇ ದಿನ ಸಂಜೆ ಮಿಸ್ ಓಸ್ಟರ್‌ಗ್ರೆನ್ ನಮ್ಮ ಬಾಗಿಲಿಗೆ ಬಂದಿದ್ದರು. ಆಗಿನ್ನೂ ಅವರು ಗಣಿತ ಹೇಳಿಕೊಡುತ್ತಿದ್ದ ಚಿಕ್ಕ ಹುಡುಗಿ. “ಕೊರೀನ್ ನಾಲ್ಕು ದಿನದಿಂದ ಕಾಣ್ತಿಲ್ಲ, ಹುಷಾರಾಗಿದಾಳಾ?” ಎಂದು ಕೇಳಿದರು. ನಿಮ್ಮಪ್ಪನ ಸುದ್ದಿ ಎಲ್ಲಿ ಊರಿಗೆಲ್ಲ ಗೊತ್ತಾಗುತ್ತದೋ ಎಂಬ ನಾಚಿಕೆಗೆ, ಜ್ವರ ಎಂದು ಹೇಳಿ ಕದ ಹಾಕಿಕೊಂಡೆ. ಮರುದಿನದಿಂದ ಐದು ದಿನ, ನೀನು ಇಳಿದು ಆ ಹಿಂದಿನ ದಾರಿ ಹಿಡಿಯುವುದನ್ನು ಬಸ್ಸಿನ ಕನ್ನಡಿಯಲ್ಲಿ ನೋಡಿದೆ. ನಿನ್ನ ಹತ್ತಿರ ಏನು ಮಾತಾಡಬೇಕೆಂದು ತಿಳಿಯದೆ ಬಸ್ಸು ಮುಂದಕ್ಕೆ ಬಿಟ್ಟೆ. ನಿನ್ನನ್ನು ಕೇಳಿಕೊಂಡು ಬಂದವರಿದ್ದರು ಕೂಸೇ, ಅವರನ್ನು ವಾಪಸು ಕಳಿಸಿದವಳು ನಾನು. ಆ ಒಂಬತ್ತು ದಿನಕ್ಕೆ ನೀನು ವೆಲ್ಬಿಯಿಂದ ಕಳೆದ ಅಂಕವನ್ನು ನನ್ನಿಂದ ಕಳೆದು, ಆಮೇಲೆ ಎರಡು ಶಾಲೆಯನ್ನೂ ಹೊಸದಾಗಿ ತೂಗಿ ನೋಡು. ಡಾರ್ನೆಲ್ ಎಂದರೂ ನನಗೆ ಬೇಸರವಿಲ್ಲ. ಬಂದ ದಿನ ನನ್ನನ್ನು ಬೈಯುವುದಿದ್ದರೆ ಟಿಲ್ಡಾಳ ಎದುರಿಗೇ ಬೈ. ನಮ್ಮ ಮನೆಯಲ್ಲಿ ಇಂಥದ್ದನ್ನು ಬಾಯಿಬಿಟ್ಟು ಮಾತಾಡುತ್ತಾರೆಂದು ಅವಳಿಗೂ ಗೊತ್ತಾಗಲಿ.